ಅಂಗಡಿ ಸುಟ್ಟ ಮೇಲೆ ಕೇಳುವ ಪ್ರಶ್ನೆ

ಕಳೆದ ವರ್ಷದ ಒಂದು ಶುಕ್ರವಾರ ಜುಮಾ ನಮಾಝ್ ಮುಗಿದ ಬಳಿಕ ನಮ್ಮ ಮಸೀದಿಯ ಹೊರಬಾಗಿಲಲ್ಲಿ ಬಿಳಿ ಬಟ್ಟೆಯೊಂದನ್ನು ಹಾಸಲಾಗಿತ್ತು. ಪೇಟೆಯ ಬಟ್ಟೆ ಅಂಗಡಿಯೊಂದು ಮೂರು ದಿನಗಳ ಹಿಂದೆ ರಾತ್ರಿ ಬೆಂಕಿಗೆ ಆಹುತಿಯಾಗಿತ್ತು. ರಮಝಾನಿನ ವ್ಯಾಪಾರಕ್ಕೆಂದು ತಂದಿರಿಸಿದ್ದ ಮಾಲಿನ ಬಹುಭಾಗ ಬೂದಿಯಾಗಿತ್ತು. ಉಳಿದದ್ದು ಅಗ್ನಿಶಾಮಕ ದಳದ ನೀರಿನಲ್ಲಿ ನೆನೆದು ಹೊಗೆಯ ವಾಸನೆ ಹಿಡಿದಿತ್ತು. ಅಂದು ಸಂಗ್ರಹವಾದ ಮೊತ್ತ 41 ಸಾವಿರ ರೂಪಾಯಿ ಚಿಲ್ಲರೆ. ಅಂಗಡಿಯ ಮಾಲಕರು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಹಿಂದೆ ಎಷ್ಟೋ ಶುಕ್ರವಾರಗಳಲ್ಲಿ ಅದೇ ಬಟ್ಟೆಗೆ ಮೊದಲ ನೋಟು ಹಾಕುತ್ತಿದ್ದವರು ಅವರು.

ಅಂದು ಅಸರ್ ನಮಾಝಿನ ನಂತರ ಅವರು ಮದ್ರಸಕ್ಕೆ ಬಂದು ನನ್ನ ಮುಂದೆ ಕುಳಿತರು. "ಉಸ್ತಾದರೇ, ಬ್ಯಾಂಕಿನವರು ನನ್ನ ಅಂಗಡಿಗೆ ಇನ್ಶೂರೆನ್ಸ್ ಇದೆ ಎನ್ನುತ್ತಿದ್ದಾರೆ. ನಾನು ಮಾಡಿಸಿದ ನೆನಪೇ ಇಲ್ಲ. ಆ ಹಣ ನನಗೆ ಹಲಾಲೋ ಹರಾಮೋ?" ಎಂದು ಕೇಳಿದರು.

ನಾನು ಒಡನೆ ಉತ್ತರಿಸಲಿಲ್ಲ. ಪ್ರಶ್ನೆ ಕಠಿಣವಾಗಿತ್ತು ಎಂಬುದು ಅದಕ್ಕೆ ಕಾರಣವಲ್ಲ. ನಾಲ್ಕು ವರ್ಷಗಳಿಂದ ಅವರ ಖಾತೆಯಿಂದ ವರ್ಷಕ್ಕೊಮ್ಮೆ ಕಂತು ಕಡಿತವಾಗುತ್ತಲೇ ಇತ್ತು. ಸಾಲದ ಕಾಗದಗಳ ನಡುವೆ ಅವರು ಅದಕ್ಕೂ ಸಹಿ ಹಾಕಿದ್ದರು. ಸಹಿ ಹಾಕಿದ ದಿನ ಬಾರದ ಪ್ರಶ್ನೆ ಅಂಗಡಿ ಸುಟ್ಟ ಮೇಲೆ ಬಂದಿತ್ತು. (ಬಡ್ಡಿಯ ಸಾಲ ಪಡೆದದ್ದರ ಕುರಿತು ಅವರಿಗೆ ಹೇಳಬೇಕಾದುದನ್ನು ಬೇರೊಂದು ದಿನ ಹೇಳಿದ್ದೇನೆ. ಸುಟ್ಟ ಅಂಗಡಿಯ ಎದುರು ನಿಂತು ಹೇಳುವ ಮಾತಲ್ಲ ಅದು.) "ಮೊದಲು ಆ ಕಾಗದವನ್ನು ತನ್ನಿ, ಓದೋಣ" ಎಂದಷ್ಟೇ ಹೇಳಿ ಕಳುಹಿಸಿದೆ.

ಪಾಲಿಸಿಯ ಪ್ರತಿ ಸಿಗಲು ನಾಲ್ಕು ದಿನ ಬೇಕಾಯಿತು. ಓದಿದಾಗ ತಿಳಿದದ್ದು ಇಷ್ಟು. ಸಾಲ ಪಡೆದಾಗ ಅಂಗಡಿಯಲ್ಲಿ ಸುಮಾರು ಆರು ಲಕ್ಷದ ಮಾಲಿತ್ತು. ವಿಮೆಯೂ ಆರು ಲಕ್ಷಕ್ಕೇ ಆಗಿತ್ತು. ವರ್ಷವರ್ಷವೂ ಅದೇ ಮೊತ್ತಕ್ಕೆ ನವೀಕರಣವಾಗುತ್ತಾ ಬಂದಿತ್ತು. ಬೆಂಕಿ ಬಿದ್ದ ದಿನ ಮಾಲಿನ ಬೆಲೆ ಹದಿನೈದು ಲಕ್ಷ. ಸುಟ್ಟದ್ದು ಒಂಬತ್ತು ಲಕ್ಷದ್ದು. ಆರು ಲಕ್ಷವಂತೂ ಪೂರ್ತಿ ಸಿಗುತ್ತದೆ ಎಂದು ಅವರು ಭಾವಿಸಿದ್ದರು. ಆ ಕ್ಷಣದವರೆಗೆ ನಾನೂ ಹಾಗೆಯೇ ಭಾವಿಸಿದ್ದೆ ಎಂದು ಒಪ್ಪಿಕೊಳ್ಳಬೇಕು.

ವಿಮೆಯ ಲೆಕ್ಕ ಹಾಗಿಲ್ಲ. ಹದಿನೈದು ಲಕ್ಷದ ಮಾಲಿಗೆ ಆರು ಲಕ್ಷದ ವಿಮೆ ಎಂದರೆ ನೂರಕ್ಕೆ ನಲವತ್ತರಷ್ಟು ಮಾತ್ರ ವಿಮೆ ಮಾಡಿಸಿದಂತೆ. ಉಳಿದ ಅರವತ್ತರ ಹೊಣೆಯನ್ನು ಮಾಲಕನೇ ಹೊತ್ತುಕೊಂಡಿದ್ದಾನೆ ಎಂದು ಕಂಪನಿ ಭಾವಿಸುತ್ತದೆ. ಆದ್ದರಿಂದ ನಷ್ಟವೆಷ್ಟೇ ಆಗಲಿ, ಅದರ ನೂರಕ್ಕೆ ನಲವತ್ತು ಮಾತ್ರ ಸಲ್ಲುತ್ತದೆ. ಒಂಬತ್ತು ಲಕ್ಷದ ನಲವತ್ತು ಭಾಗವೆಂದರೆ ಮೂರು ಲಕ್ಷದ ಅರವತ್ತು ಸಾವಿರ. ಅದರಲ್ಲಿ ಪಾಲಿಸಿಯ ಶರತ್ತಿನಂತೆ ವ್ಯಾಪಾರಿಯೇ ಭರಿಸಬೇಕಾದ ಹತ್ತು ಸಾವಿರ ಕಳೆಯಿತು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಮೊದಲಿತ್ತು. ಆದ್ದರಿಂದ ಬಾಕಿಯಿದ್ದ ಸಾಲ, ಮೂರು ಲಕ್ಷದ ಹತ್ತು ಸಾವಿರ, ನೇರವಾಗಿ ಬ್ಯಾಂಕಿಗೆ ಹೋಯಿತು. ಹಲಾಲೋ ಹರಾಮೋ ಎಂದು ಅವರು ಕೇಳಿದ ಹಣದಲ್ಲಿ ಕೊನೆಗೆ ಕೈಗೆ ಬಂದದ್ದು ನಲವತ್ತು ಸಾವಿರ. ಮಸೀದಿಯ ಬಟ್ಟೆಯಲ್ಲಿ ಬಿದ್ದದ್ದಕ್ಕಿಂತಲೂ ಕಡಿಮೆ.

ನಮ್ಮ ವ್ಯಾಪಾರಿ ಕುಟುಂಬಗಳಲ್ಲಿ ವಿಮೆಯ ವಿಷಯ ಬಂದಾಗ ಎರಡು ಬಗೆಯ ನಿಲುವುಗಳನ್ನು ಕಾಣುತ್ತೇನೆ. ಕೆಲವರು "ಅದು ಹರಾಮ್" ಎಂಬ ಒಂದು ಮಾತಿನಲ್ಲಿ ಚರ್ಚೆಯನ್ನು ಮುಗಿಸುತ್ತಾರೆ. ಇನ್ನು ಕೆಲವರು ಬ್ಯಾಂಕಿನವರೋ ಏಜೆಂಟರೋ ತೋರಿಸಿದಲ್ಲಿ ಸಹಿ ಹಾಕಿ ಮರೆತುಬಿಡುತ್ತಾರೆ. ವಿಚಿತ್ರವೆಂದರೆ, ಅನೇಕ ವೇಳೆ ಇವರಿಬ್ಬರೂ ಒಬ್ಬರೇ. ಬಾಯಲ್ಲಿ ಹರಾಮ್, ಬ್ಯಾಂಕಿನ ಕಡತದಲ್ಲಿ ಪಾಲಿಸಿ. ಎರಡೂ ನಿಲುವುಗಳಲ್ಲಿ ಇಲ್ಲದಿರುವುದು ಒಂದೇ, ತಿಳುವಳಿಕೆ. ಒಂದು ಒಪ್ಪಂದವನ್ನು ಒಪ್ಪುವ ಮೊದಲೂ ತಿರಸ್ಕರಿಸುವ ಮೊದಲೂ ಅದೇನೆಂದು ತಿಳಿಯಬೇಕೆಂಬುದು ನಮ್ಮ ಕರ್ಮಶಾಸ್ತ್ರದ ಮೊದಲ ಪಾಠ.

ತವಕ್ಕುಲ್ ಎಂಬ ಪದವನ್ನು ಇಲ್ಲಿ ಬಹಳ ಅಗ್ಗವಾಗಿ ಬಳಸಲಾಗುತ್ತದೆ. ಒಂಟೆಯನ್ನು ಕಟ್ಟಿ ಭರವಸೆಯಿಡಲೋ, ಬಿಟ್ಟು ಭರವಸೆಯಿಡಲೋ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಕಟ್ಟುವಂತೆ ಹೇಳಿದ ಪ್ರಸಂಗ ನಮ್ಮ ಎರಡನೇ ತರಗತಿಯ ಮಕ್ಕಳಿಗೂ ಗೊತ್ತು. ಯೂಸುಫ್ ಅಧ್ಯಾಯದಲ್ಲಿ ಯಅಕೂಬ್(ಅ) ತಮ್ಮ ಮಕ್ಕಳಿಗೆ ಒಂದೇ ಬಾಗಿಲಿನಿಂದ ಪಟ್ಟಣ ಪ್ರವೇಶಿಸಬೇಡಿ, ಬೇರೆ ಬೇರೆ ಬಾಗಿಲುಗಳಿಂದ ಹೋಗಿ ಎನ್ನುತ್ತಾರೆ. ಅದೇ ಉಸಿರಿನಲ್ಲಿ, ಅಲ್ಲಾಹನ ತೀರ್ಮಾನವನ್ನು ತಡೆಯಲು ತನ್ನಿಂದಾಗದು ಎಂದೂ ಹೇಳುತ್ತಾರೆ. ಯೂಸುಫ್(ಅ) ಏಳು ವರ್ಷಗಳ ಬೆಳೆಯನ್ನು ತೆನೆಯಲ್ಲಿಯೇ ಉಳಿಸಿ ಮುಂದಿನ ಬರಗಾಲಕ್ಕೆ ಕಾಪಿಡಿಸಿದರು. ಮುಂದಾಲೋಚನೆ ತವಕ್ಕುಲ್‌ಗೆ ವಿರುದ್ಧ ಎನ್ನುವವರು ಈ ಇಬ್ಬರು ಪ್ರವಾದಿಗಳ ಕುರಿತು ಏನು ಹೇಳುತ್ತಾರೆ?

ಆದರೆ ಮುಂದಾಲೋಚನೆ ಸರಿಯೆಂದ ಮಾತ್ರಕ್ಕೆ ಅದರ ಪ್ರತಿಯೊಂದು ವಿಧಾನವೂ ಸರಿಯಾಗುವುದಿಲ್ಲ. ವಿದ್ವಾಂಸರ ಆಕ್ಷೇಪ ಇರುವುದು ವಿಧಾನದ ಬಗ್ಗೆ. ಕಂತು ಕಟ್ಟುವವನಿಗೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ, ಸಿಗುತ್ತದೆಯೋ ಇಲ್ಲವೋ ಎಂಬುದು ತಿಳಿಯದು. ಇದು ಗರರ್, ಅಂದರೆ ಅನಿಶ್ಚಿತತೆಯ ವ್ಯಾಪಾರ. ಇಂತಹ ವ್ಯಾಪಾರವನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಜೊತೆಗೆ ಕಂಪನಿಗಳು ಕಂತಿನ ಹಣವನ್ನು ಬಡ್ಡಿಯಲ್ಲಿ ತೊಡಗಿಸುತ್ತವೆ ಎಂಬ ಆಕ್ಷೇಪವೂ ಇದೆ.

ಚರ್ಚೆ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ದಮಾಸ್ಕಸ್‌ನ ಹನಫೀ ವಿದ್ವಾಂಸ ಇಬ್ನು ಆಬಿದೀನ್ ಹಡಗಿನ ಸರಕಿಗೆ ವ್ಯಾಪಾರಿಗಳು ಮಾಡಿಸುತ್ತಿದ್ದ ವಿಮೆಯ ಬಗ್ಗೆ ಬರೆದಿದ್ದಾರೆ. ಬೆಂಕಿ, ಮುಳುಗಡೆ, ದರೋಡೆಗಳಿಂದ ನಷ್ಟವಾದರೆ ಭರಿಸುತ್ತೇನೆಂದು ಹಣ ಪಡೆಯುವ ವಿದೇಶಿ ವರ್ತಕನಿಂದ ಪರಿಹಾರ ಪಡೆಯುವುದು ಮುಸ್ಲಿಮ್ ನಾಡಿನಲ್ಲಿ ಸಮ್ಮತವಲ್ಲ ಎಂಬುದು ಅವರ ನಿಲುವಾಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಸಿರಿಯಾದವರೇ ಆದ ಮುಸ್ತಫಾ ಅಝ್ಝರ್ಕಾ ಇದಕ್ಕೆ ಭಿನ್ನವಾಗಿ, ವಿಮೆ ಮೂಲತಃ ಸಮ್ಮತಾರ್ಹ ಎಂದು ವಾದಿಸಿದರು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯಲ್ಲಿ ಗಂಭೀರವಾದ ಗರರ್ ಇದೆಯೆಂದೂ, ಪರಸ್ಪರ ದಾನ ಮತ್ತು ಸಹಕಾರದ ಆಧಾರದ ಸಹಕಾರಿ ವಿಮೆ ಅದಕ್ಕೆ ಸರಿಯಾದ ಬದಲಿಯೆಂದೂ ತೀರ್ಮಾನಿಸಿತು. ಮಲೇಷ್ಯಾ, ಸುಡಾನ್ ಮುಂತಾದೆಡೆ ತಕಾಫುಲ್ ಎಂದು ಕರೆಯಲಾಗುವುದು ಇದನ್ನೇ. ನಮ್ಮ ದೇಶದಲ್ಲಿ ಅಂತಹ ಕಂಪನಿ ಇಲ್ಲ.

ಭಾರತದ ಉಲಮಾಗಳು ಈ ಪ್ರಶ್ನೆಯನ್ನು ನಮ್ಮ ಪರಿಸ್ಥಿತಿಯಲ್ಲಿಟ್ಟು ನೋಡಿದ್ದಾರೆ. 1965ರಲ್ಲಿ ಲಕ್ನೋದ ನದ್ವತುಲ್ ಉಲಮಾದಲ್ಲಿ ಸೇರಿದ ವಿದ್ವಾಂಸರು ಅನಿವಾರ್ಯ ಅಗತ್ಯದ ಸಂದರ್ಭದಲ್ಲಿ ವಿಮೆಗೆ ಅವಕಾಶವಿದೆಯೆಂದು ಅಭಿಪ್ರಾಯಪಟ್ಟರು. ನಂತರದ ದಶಕಗಳಲ್ಲಿ ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಕೋಮುಗಲಭೆಗಳಲ್ಲಿ ಸಮುದಾಯದ ಜೀವ ಮತ್ತು ಆಸ್ತಿಗಳಿಗಾಗುವ ಹಾನಿಯನ್ನು ಪರಿಗಣಿಸಿ ಇಂತಹ ಅವಕಾಶವನ್ನು ನೀಡಿತು. ಪರಿಹಾರ ಪಡೆದವರು ತಾವು ಕಟ್ಟಿದ ಕಂತಿನಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ಬಡವರಿಗೆ ನೀಡಬೇಕು ಎನ್ನುವ ಮುಫ್ತಿಗಳೂ ಇದ್ದಾರೆ. ಈ ಲೇಖನ ಫತ್ವಾ ಅಲ್ಲ. ನಿಮ್ಮ ಸಂದರ್ಭವನ್ನು ವಿವರಿಸಿ ನಿಮ್ಮ ಊರಿನ ಖತೀಬರಲ್ಲಿ ಕೇಳಿಕೊಳ್ಳಿ. ನನ್ನ ಅಭಿಪ್ರಾಯವನ್ನಂತೂ ಮುಚ್ಚಿಡುವುದಿಲ್ಲ. ವಾಣಿಜ್ಯ ವಿಮೆಯಲ್ಲಿ ಗರರ್ ಇದೆಯೆಂಬ ಮಾತಿನಲ್ಲಿ ನನಗೆ ಸಂಶಯವಿಲ್ಲ. ಅದಕ್ಕೆ ಬದಲಿಯನ್ನು ಕಟ್ಟಿಕೊಡದ ಸಮುದಾಯವು ಸಣ್ಣ ವ್ಯಾಪಾರಿಗೆ "ಬೇಡ" ಎಂದು ಮಾತ್ರ ಹೇಳಿ ಮನೆಗೆ ಹೋಗುವುದು ನ್ಯಾಯವಲ್ಲ ಎಂಬುದರಲ್ಲಿಯೂ ಸಂಶಯವಿಲ್ಲ.

ಈ ಚರ್ಚೆಯಲ್ಲಿ ನಾವು ಪೂರ್ತಿ ಮರೆತುಬಿಡುವ ಒಂದು ಭಾಗವಿದೆ. ನನ್ನ ಮಟ್ಟಿಗೆ ಅದೇ ಮುಖ್ಯ.

ನಿಮ್ಮ ಅಂಗಡಿ, ನಿಮ್ಮ ಮಾಲು. ಅದಕ್ಕೆ ವಿಮೆ ಮಾಡಿಸದೆ ನಷ್ಟವಾದರೆ ಅದು ನಿಮ್ಮ ನಷ್ಟ. ಸಬ್ರ್ ವಹಿಸಿದರೆ ಪ್ರತಿಫಲವಿದೆ. ಆದರೆ ನಿಮ್ಮ ಗೋದಾಮಿನಲ್ಲಿ ಮೂಟೆ ಹೊರುವವನ ಬೆನ್ನುಮೂಳೆ ನಿಮ್ಮದಲ್ಲ. ನಿಮ್ಮ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕ ಬೆರಳುಗಳು ನಿಮ್ಮವಲ್ಲ. ಅಲ್ಲಿ ನಿಮ್ಮ ತವಕ್ಕುಲ್‌ಗೆ ಬೆಲೆ ತೆರುವವನು ಇನ್ನೊಬ್ಬ. ಒಮ್ಮೆ ಮಿಲ್ಲೊಂದರ ಮಾಲಕರು, ಕೆಲಸಗಾರನ ಮೂರು ಬೆರಳು ಹೋದಾಗ, "ಆಸ್ಪತ್ರೆಯ ಬಿಲ್ಲು ಪೂರ್ತಿ ನಾನೇ ಕಟ್ಟಿದೆ, ಪೆರ್ನಾಳ್‌ಗೆ ಮನೆಯವರಿಗೆಲ್ಲ ಬಟ್ಟೆಯನ್ನೂ ಕೊಟ್ಟೆ" ಎಂದು ನನ್ನೊಡನೆ ಸಂತೃಪ್ತಿಯಿಂದ ಹೇಳಿಕೊಂಡಿದ್ದರು. ಅವರು ಕೆಟ್ಟವರಲ್ಲ. ಆದರೆ ಕೊಡಲೇಬೇಕಾದ ಹಕ್ಕನ್ನು ಅವರು ಸದಕವೆಂದು ಭಾವಿಸಿದ್ದರು.

ದುಡಿಮೆಯ ವೇಳೆ ದುಡಿಮೆಯ ಕಾರಣದಿಂದ ಗಾಯವಾದರೆ ಮಾಲಕನು ಪರಿಹಾರ ನೀಡಬೇಕೆಂದು ನಮ್ಮ ದೇಶದ ಕಾನೂನು 1923ರಿಂದಲೇ ಹೇಳುತ್ತಾ ಬಂದಿದೆ. ಯಂತ್ರ, ವಾಹನ, ಕಟ್ಟಡ, ಹೇರಿಳಿಸುವ ಕೆಲಸಗಳೆಲ್ಲ ಅದರಲ್ಲಿ ಸೇರುತ್ತವೆ. ತಪ್ಪು ಮಾಲಕನದ್ದೇ ಎಂದು ಸಾಬೀತಾಗಬೇಕಿಲ್ಲ. ಆ ಕಾಯ್ದೆಯ ಲೆಕ್ಕದಂತೆ 30 ವರ್ಷ ಪ್ರಾಯದ, ತಿಂಗಳಿಗೆ 15,000 ರೂಪಾಯಿ ಸಂಬಳದ ಕಾರ್ಮಿಕನೊಬ್ಬ ಕೆಲಸದಲ್ಲಿ ಮರಣ ಹೊಂದಿದರೆ ಅವನ ಕುಟುಂಬಕ್ಕೆ ಸಲ್ಲಬೇಕಾದದ್ದು 15 ಲಕ್ಷಕ್ಕಿಂತ ಹೆಚ್ಚು. ನಮ್ಮ ಸಣ್ಣ ಮಾಲಕರಲ್ಲಿ ಎಷ್ಟು ಮಂದಿ ಈ ಮೊತ್ತವನ್ನು ಕೈಯಿಂದ ಕೊಡಬಲ್ಲರು? ಕೊಡಲಾಗದಿದ್ದರೆ ಆ ವಿಧವೆಯ ಗತಿಯೇನು? ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಇಎಸ್‌ಐ ಇರುತ್ತದೆ. ಅದಕ್ಕಿಂತ ಕಡಿಮೆ ಮಂದಿಯ ಅಂಗಡಿ, ಮಿಲ್ಲು, ಗ್ಯಾರೇಜುಗಳಲ್ಲಿ ಕಾರ್ಮಿಕರ ಪರಿಹಾರದ ವಿಮೆ ಎಂಬ ಬೇರೆಯೇ ಪಾಲಿಸಿಯನ್ನು ಮಾಡಿಸಬೇಕಾಗುತ್ತದೆ. ಅಂಗಡಿಯ ಬೆಂಕಿ ವಿಮೆಯೊಳಗೆ ಇದು ಸೇರಿಲ್ಲ. ವಾಹನದ ವಿಷಯವೂ ಅಷ್ಟೆ. ಮೂರನೆಯವರಿಗಾಗುವ ಹಾನಿಯ ವಿಮೆಯನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದೆ. ಮಾಲು ಸಾಗಿಸುವ ಟೆಂಪೋದ ವಿಮೆ ಮುಗಿದು ಎರಡು ತಿಂಗಳಾದರೂ ನವೀಕರಿಸದೆ ಓಡಿಸುವವನು ಪೊಲೀಸರಿಗೆ ಹೆದರುತ್ತಾನೆಯೇ ಹೊರತು, ರಸ್ತೆ ದಾಟುವ ಮಗುವಿನ ಹಕ್ಕಿಗೆ ಹೆದರುವುದಿಲ್ಲ.

ಇದು ನಮಗೆ ಹೊರಗಿನಿಂದ ಬಂದ ಚಿಂತನೆಯೇ? ಮದೀನಾಕ್ಕೆ ಬಂದ ಕೂಡಲೇ ಪ್ರವಾದಿವರ್ಯರು(ಸ) ಮಾಡಿಸಿದ ಒಡಂಬಡಿಕೆಯಲ್ಲಿ ಪ್ರತಿಯೊಂದು ಗೋತ್ರವೂ ತನ್ನವರ ರಕ್ತ ಪರಿಹಾರದ ಹೊಣೆಯನ್ನು ಒಟ್ಟಾಗಿ ಹೊರಬೇಕೆಂಬ ಶರತ್ತಿತ್ತು. ಅರಿಯದೆ ಒಬ್ಬನ ಜೀವ ತೆಗೆದವನು ತಾನೊಬ್ಬನೇ ದಿಯತ್ ಭರಿಸಲಾರ ಎಂಬುದು ಗೊತ್ತಿದ್ದುದರಿಂದಲೇ ಶರೀಅತ್ ಅದನ್ನು ಅವನ ಆಕಿಲಾದ ಮೇಲೆ, ಅಂದರೆ ತಂದೆಯ ಕಡೆಯ ಬಂಧುಬಳಗದ ಮೇಲೆ ಹಂಚಿತು. ಖಲೀಫಾ ಉಮರ್(ರ) ಸೈನಿಕರ ದಫ್ತರ ಸ್ಥಾಪಿಸಿದಾಗ, ಒಂದೇ ದಫ್ತರದಲ್ಲಿ ಹೆಸರಿದ್ದವರು ಒಬ್ಬರಿಗೊಬ್ಬರು ಆಕಿಲಾ ಆದರು. ಹನಫೀ ಕರ್ಮಶಾಸ್ತ್ರ ಇದನ್ನು ಆಧಾರವಾಗಿ ಸ್ವೀಕರಿಸಿದೆ. ನೊಂದವನಿಗೆ ಹಕ್ಕು ತಪ್ಪಬಾರದು, ಕೊಡಬೇಕಾದವನು ಮುರಿದು ಬೀಳಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ವ್ಯವಸ್ಥೆ ನಮ್ಮಲ್ಲಿ ಇತ್ತು. ಈಗ ಆ ಬಂಧುಬಳಗ ಬೆಂಗಳೂರು, ದುಬೈ, ದಮ್ಮಾಮ್‌ಗಳಲ್ಲಿ ಚದುರಿಹೋಗಿದೆ.

ಇನ್ನು ಪಾಲಿಸಿಯ ಕಾಗದದ ಕುರಿತು ಕೆಲವು ಮಾತು. ಬಟ್ಟೆ ಅಂಗಡಿಯ ಪ್ರಸಂಗದ ನಂತರ ನಾನು ಸಾಕಷ್ಟು ಪಾಲಿಸಿಗಳನ್ನು ಓದಿದೆ. ಕಬ್ಬಿಣದ ಕಡಲೆಯೇನಲ್ಲ.

ಒಟ್ಟು ಐದು ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ವ್ಯಾಪಾರಗಳಿಗೆ 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಯಾವ ಕಂಪನಿಯಿಂದ ಪಡೆದರೂ ಮೂಲ ಶರತ್ತುಗಳು ಒಂದೇ. ಬೆಂಕಿ, ಸಿಡಿಲು, ಸ್ಫೋಟ, ಬಿರುಗಾಳಿ, ನೆರೆ, ಭೂಕುಸಿತ, ಭೂಕಂಪ, ಗಲಭೆ, ದುರುದ್ದೇಶದ ಹಾನಿ ಇವೆಲ್ಲ ಅದರಲ್ಲಿ ಸೇರಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ನಾವು ನೆರೆ ಮತ್ತು ಭೂಕುಸಿತವೆಂಬ ಪದಗಳನ್ನು ಹಗುರವಾಗಿ ಓದಿ ಮುಂದೆ ಹೋಗಲಾರೆವು. ವಿಮೆಯ ಮೊತ್ತ ನಿಜವಾದ ಬೆಲೆಗಿಂತ ನೂರಕ್ಕೆ ಹದಿನೈದರವರೆಗೆ ಕಡಿಮೆಯಿದ್ದರೆ ಈ ಪಾಲಿಸಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಮೀರಿದರೆ ಬಟ್ಟೆ ಅಂಗಡಿಯವರಿಗೆ ಆದ ಗತಿಯೇ. ಆದ್ದರಿಂದ ವರ್ಷಕ್ಕೊಮ್ಮೆ ನವೀಕರಣದ ಮೊದಲು ಮಾಲನ್ನು ಲೆಕ್ಕ ಹಾಕಿ. ರಮಝಾನ್, ದೀಪಾವಳಿಗಳ ಮೊದಲು ದಾಸ್ತಾನು ಎಷ್ಟಕ್ಕೆ ಏರುತ್ತದೆ ಎಂಬುದನ್ನು ನೋಡಿ. ಮಾರುವ ಬೆಲೆಯನ್ನಲ್ಲ, ಕೊಂಡ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದರಲ್ಲಿ ಇಲ್ಲದ್ದನ್ನೂ ತಿಳಿದಿರಬೇಕು. ಸಾಮಾನ್ಯ ಕಳ್ಳತನ ಇದರಲ್ಲಿಲ್ಲ. ಬೆಂಕಿ, ನೆರೆಗಳಂತಹ ಅವಘಡ ನಡೆದ ಏಳು ದಿನಗಳೊಳಗೆ ಆ ಗೊಂದಲದಲ್ಲಿ ಕಳವಾದರೆ ಮಾತ್ರ ಸಿಗುತ್ತದೆ. ಕನ್ನಗಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಅದರಲ್ಲಿಯೂ ಬೀಗ ಮುರಿದ, ಶಟರ್ ಎತ್ತಿದ ಗುರುತು ಇರಬೇಕು. ಹಗಲಿನಲ್ಲಿ ಗಿರಾಕಿಯ ವೇಷದಲ್ಲಿ ಬಂದು ಎತ್ತಿಕೊಂಡು ಹೋದದ್ದಕ್ಕೆ ಅಲ್ಲ. ಅಂಗಡಿ ಮುಚ್ಚಿದ್ದರಿಂದ ತಪ್ಪಿಹೋದ ಲಾಭವೂ ಮೂಲ ಪಾಲಿಸಿಯಲ್ಲಿಲ್ಲ. ಶಾರ್ಟ್ ಸರ್ಕ್ಯೂಟ್ ಆದ ಯಂತ್ರದೊಳಗೇ ಆದ ಹಾನಿಗೆ ಪರಿಹಾರವಿಲ್ಲ, ಅದರಿಂದ ಹಬ್ಬಿದ ಬೆಂಕಿ ಸುಟ್ಟದ್ದಕ್ಕೆ ಇದೆ. ಗಲಭೆಯಲ್ಲಿ ಸುಟ್ಟ ಅಂಗಡಿಗೆ ಪರಿಹಾರವಿದೆ, ಆದರೆ ಸರಕಾರಿ ಅಧಿಕಾರಿಗಳ ಆದೇಶದಿಂದ ಕೆಡವಿದ್ದಕ್ಕೆ ಇಲ್ಲ. ಈ ಕೊನೆಯ ಸಾಲನ್ನು ಈ ಕಾಲದಲ್ಲಿ ಎರಡು ಸಲ ಓದಬೇಕು. ಲೈಸನ್ಸ್, ಕಟ್ಟಡದ ಪರವಾನಿಗೆಗಳನ್ನು "ನೋಡೋಣ" ಎಂದು ಮುಂದೂಡುವವರು ಅದನ್ನು ಮೂರು ಸಲ ಓದಲಿ.

ಕ್ಲೇಮಿನ ವಿಷಯದಲ್ಲಿ ನಮ್ಮವರ ಒಂದು ದೌರ್ಬಲ್ಯವನ್ನು ಹೇಳದಿರಲಾರೆ. ಸರ್ವೇಯರ್ ಬಂದು ಮೊದಲು ಕೇಳುವುದು ಖರೀದಿಯ ಬಿಲ್ಲುಗಳನ್ನು ಮತ್ತು ದಾಸ್ತಾನಿನ ಪುಸ್ತಕವನ್ನು. ತೆರಿಗೆ ತಪ್ಪಿಸಲು ಕಚ್ಚಾ ಚೀಟಿಯಲ್ಲಿ ಮಾಲು ತಂದವನು ಅಂದು ಏನನ್ನು ತೋರಿಸುತ್ತಾನೆ? ಬೂದಿಗೆ ಬಿಲ್ಲಿಲ್ಲ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್‌ಬಕರಃ ಅಧ್ಯಾಯದ 282ನೆಯದು. ಅದು ಲೇವಾದೇವಿಯನ್ನು ಬರೆದಿಡುವುದರ ಕುರಿತಾದದ್ದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅಲ್ಲಾಹನು ಅದರಲ್ಲಿ ಕಲಿಸುತ್ತಾನೆ. ಆ ಸೂಕ್ತವನ್ನು ಕಂಠಪಾಠ ಮಾಡಿರುವವರ ಅಂಗಡಿಗಳಲ್ಲಿಯೇ ಲೆಕ್ಕದ ಪುಸ್ತಕವಿಲ್ಲದ್ದನ್ನು ನಾನು ಕಂಡಿದ್ದೇನೆ.

ಇದರ ಇನ್ನೊಂದು ಮುಖವೂ ಇದೆ. ಮೂರು ಲಕ್ಷದ ನಷ್ಟವನ್ನು ಐದು ಲಕ್ಷವೆಂದು ಬರೆಸಿಕೊಡಲು ಸಲಹೆ ನೀಡುವವರು ಪೇಟೆಯಲ್ಲಿ ಸದಾ ಇರುತ್ತಾರೆ. "ಕಂಪನಿಯ ದುಡ್ಡು, ಯಾರಪ್ಪನದ್ದೂ ಅಲ್ಲ" ಎನ್ನುತ್ತಾರೆ. ವಿಮೆಯಲ್ಲಿ ಗರರ್ ಇದೆಯೋ ಇಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ಸುಳ್ಳು ಬಿಲ್ಲು ಹರಾಮ್ ಎಂಬುದರಲ್ಲಿ ಯಾರಿಗೂ ಇಲ್ಲ. ಲೌಕಿಕವಾಗಿಯೂ ಅದು ಮೂರ್ಖತನವೇ. ಒಂದು ಸುಳ್ಳು ಸಿಕ್ಕಿದರೆ ನಿಜವಾದ ಮೂರು ಲಕ್ಷವನ್ನೂ ಕೊಡದಿರುವ ಹಕ್ಕು ಕಂಪನಿಗಿದೆ.

ಕಂಪನಿಯೇ ಅನ್ಯಾಯ ಮಾಡಿದರೆ? ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಒಬ್ಬನೇ ಮಾಲಕನ ವ್ಯಾಪಾರ ಮತ್ತು ಅತಿಸಣ್ಣ ಉದ್ಯಮಗಳಿಗೆ ಈ ಬಾಗಿಲು ತೆರೆದಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮವರು ಈ ಬಾಗಿಲನ್ನು ತಟ್ಟುವುದು ಕಡಿಮೆ. "ಅವರೊಡನೆ ಯಾರು ಹೋರಾಡುತ್ತಾರೆ ಉಸ್ತಾದರೇ" ಎಂದು ಬಿಟ್ಟುಬಿಡುತ್ತಾರೆ.

ಕೊನೆಯದಾಗಿ ಮಸೀದಿಯ ಬಾಗಿಲಿನ ಆ ಬಿಳಿ ಬಟ್ಟೆಗೆ ಮರಳಬೇಕು. ಯಾಚಿಸಲು ಅನುಮತಿಯಿರುವ ಮೂವರನ್ನು ಕಬೀಸಾ(ರ)ರಿಗೆ ವಿವರಿಸುವಾಗ ಪ್ರವಾದಿವರ್ಯರು(ಸ) ವಿಪತ್ತಿನಲ್ಲಿ ಸೊತ್ತೆಲ್ಲ ನಾಶವಾದವನನ್ನೂ ಸೇರಿಸಿದ್ದಾರೆ. ಬದುಕು ಮತ್ತೆ ನೆಲೆಗೊಳ್ಳುವವರೆಗೆ ಕೇಳಲು ಅವನಿಗೆ ಅವಕಾಶವಿದೆ. ಝಕಾತಿಗೆ ಅರ್ಹರಾದ ಎಂಟು ವಿಭಾಗಗಳಲ್ಲಿ 'ಗಾರಿಮೀನ್', ಅಂದರೆ ಸಾಲದಲ್ಲಿ ಮುಳುಗಿದವರು, ಒಂದು. ನೆರೆಯಲ್ಲಿ ಸೊತ್ತು ಕಳಕೊಂಡವನು ಮತ್ತು ಬೆಂಕಿಯಲ್ಲಿ ಸೊತ್ತು ಸುಟ್ಟುಹೋದವನು ಅದರಲ್ಲಿ ಸೇರುತ್ತಾರೆಂದು ಸಹಾಬಿಗಳ ಶಿಷ್ಯರಾದ ಮುಜಾಹಿದ್ ವಿವರಿಸಿದ್ದಾಗಿ ವರದಿಯಿದೆ. ಬಟ್ಟೆ ಅಂಗಡಿಯವರು ಈ ವಿವರಣೆಗೆ ಅಕ್ಷರಶಃ ಹೊಂದುತ್ತಾರೆ. ಆದರೆ ನಮ್ಮ ಝಕಾತ್ ರಮಝಾನಿನ ಕೊನೆಯ ಹತ್ತರಲ್ಲಿ ಬಾಗಿಲಿಗೆ ಬಂದವರ ಕೈಗೆ ನೂರು, ಇನ್ನೂರರಂತೆ ಹೋಗಿ ಮುಗಿಯುತ್ತದೆ. ಗಾರಿಮೀನ್‌ಗಳಿಗೆಂದು ಪ್ರತ್ಯೇಕವಾಗಿ ತೆಗೆದಿಡುವ ಜಮಾಅತ್ ನಮ್ಮ ಆಸುಪಾಸಿನಲ್ಲಿ ನನಗಂತೂ ಕಾಣಲಿಲ್ಲ. ಅಶ್ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಒಟ್ಟುಗೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರನ್ನು ಪ್ರವಾದಿವರ್ಯರು(ಸ) ತನ್ನವರೆಂದು ಕರೆದರು. ನಮ್ಮ ಬಟ್ಟೆಯೂ ಅದೇ ಬಟ್ಟೆಯಂತೆ ಕಾಣುತ್ತದೆ. ಆದರೆ ಅವರದ್ದು ಹಂಚಿಕೊಳ್ಳುವ ಬಟ್ಟೆ, ನಮ್ಮದು ಒಬ್ಬನನ್ನು ಎಲ್ಲರ ಮುಂದೆ ಕುಳ್ಳಿರಿಸುವ ಬಟ್ಟೆ.

ಜಮಾಅತ್‌ನ ವ್ಯಾಪಾರಿಗಳು ತಿಂಗಳಿಗೆ ಇಂತಿಷ್ಟೆಂದು ದಾನದ ನಿಯ್ಯತ್ತಿನಲ್ಲಿ ಹಾಕುವ ಆಪತ್ತಿನ ನಿಧಿಯೊಂದು ಇರಲಿ ಎಂದು ಸಮಿತಿಯ ಮುಂದೆ ನಾನು ಹೇಳಿದೆ. ಒಂದು ಎಚ್ಚರಿಕೆಯನ್ನೂ ಹೇಳಿದೆ. ಇಂತಿಷ್ಟು ಕಟ್ಟಿದರೆ ಇಂತಿಷ್ಟು ಕೊಡುತ್ತೇವೆಂಬ ಖಾತರಿ ನೀಡಿದರೆ ಅದು ವಿಮಾ ವ್ಯವಹಾರವಾಗುತ್ತದೆ. ನೋಂದಣಿಯಿಲ್ಲದೆ ಅದನ್ನು ನಡೆಸಲು 1938ರ ವಿಮಾ ಕಾಯ್ದೆ ಬಿಡುವುದಿಲ್ಲ. ಆದ್ದರಿಂದ ಅದು ದಾನದ ನಿಧಿಯಾಗಿಯೇ ಇರಬೇಕು. ನಿಧಿಯಲ್ಲಿದ್ದಷ್ಟರಲ್ಲಿ, ಲಿಖಿತ ನಿಯಮದಂತೆ, ಲೆಕ್ಕಪತ್ರದೊಂದಿಗೆ ನೆರವು ನೀಡಬೇಕು. ಸಮಿತಿಯಲ್ಲಿ ಇದಕ್ಕೆ ವಿರೋಧ ಬರಲಿಲ್ಲ, "ಇನ್ಶಾ ಅಲ್ಲಾಹ್ ನೋಡೋಣ" ಎಂಬ ಮಾತು ಬಂತು. ನಮ್ಮ ಸಮಿತಿಗಳಲ್ಲಿ ಆ ಮಾತಿಗೆ ಏನರ್ಥವೆಂದು ನಿಮಗೆ ತಿಳಿದೇ ಇದೆ. ಆ ಪವಿತ್ರ ಪದಕ್ಕೆ ನಾವು ಮಾಡಿದ ಅನ್ಯಾಯಗಳಲ್ಲಿ ಇದೂ ಒಂದು.

ನಿಧಿ ಆಗುವವರೆಗೆ ನನ್ನಿಂದಾಗುವುದನ್ನು ಮಾಡುತ್ತಿದ್ದೇನೆ. ತಿಂಗಳ ಮೊದಲ ಶನಿವಾರ ಇಶಾ ನಮಾಝಿನ ನಂತರ, ಯಾರ ಬಳಿ ಅಂಗಡಿಯದ್ದೋ ವಾಹನದ್ದೋ ಪಾಲಿಸಿಯಿದೆಯೋ ಅವರು ಅದನ್ನು ಮದ್ರಸಕ್ಕೆ ತರಬಹುದು. ಊರಿನ ವಾಣಿಜ್ಯ ಪದವೀಧರ ಯುವಕನೊಬ್ಬ ನನ್ನೊಡನೆ ಕುಳಿತು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾನೆ. ಮಾಡಿಸಿ ಎಂದಾಗಲೀ ಬೇಡ ಎಂದಾಗಲೀ ನಾವು ಹೇಳುವುದಿಲ್ಲ. ಮೊದಲ ರಾತ್ರಿ ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಐವರಿಗೆ ತಮ್ಮ ಹೆಸರಿನಲ್ಲಿ ಪಾಲಿಸಿಯಿರುವುದು ಆ ವಾರ ಬ್ಯಾಂಕಿನಲ್ಲಿ ವಿಚಾರಿಸಿದ ಮೇಲೆಯೇ ಗೊತ್ತಾಗಿತ್ತು. ಇಬ್ಬರದ್ದು ಅವಧಿ ಮುಗಿದಿತ್ತು. ಬೇಕರಿಯವರೊಬ್ಬರ ಪಾಲಿಸಿಯಲ್ಲಿ ಎಲ್ಲವೂ ಸರಿಯಿತ್ತು, ಮೊತ್ತವೂ ಸರಿಯಿತ್ತು. ಆದರೆ ಅದರಲ್ಲಿ ಬರೆದಿದ್ದ ವಿಳಾಸ ಅವರು ಮೂರು ವರ್ಷಗಳ ಹಿಂದೆಯೇ ಬಿಟ್ಟುಬಂದ ಹಳೆಯ ಅಂಗಡಿಯದ್ದಾಗಿತ್ತು. ಅಲ್ಲೀಗ ಮೊಬೈಲ್ ಅಂಗಡಿಯಿದೆ.